ಹಳೆಯದೆಂದು ನಾನು ಸಾಧಿಸಿದ ಕಟ್ಟಡ

ಕೋಲಾರದ ಪೇಟೆ ಬೀದಿಯಲ್ಲಿ ದೊಡ್ಡಪ್ಪನ ಬಟ್ಟೆ ಅಂಗಡಿ ಇದ್ದ ಕಟ್ಟಡ ಯಾರ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಕೆಳಗೆ ನಾಲ್ಕು ಅಂಗಡಿ, ಮೇಲೆ ಮಹಡಿ, ಮಹಡಿಯ ಅಂಚಿಗೆ ಮರದ ಕಟಾಂಜನ. ಮುಂದೆ ಕಲ್ಲುಕಂಬದ ಜಗಲಿ. ನಮ್ಮ ಪಾಲಿನ ಜಗಲಿಯಲ್ಲಿ ದರ್ಜಿ ಸಾಬರು ಮಿಷನ್ ಇಟ್ಟುಕೊಂಡು ಕೂರುತ್ತಿದ್ದರು. ಹುತ್ತೂರು, ವಕ್ಕಲೇರಿ ಕಡೆಯ ಗಿರಾಕಿಗಳು ನಮ್ಮಲ್ಲಿಗೆ ಬರುತ್ತಿದ್ದುದೇ ಅವರ ಹೊಲಿಗೆಗಾಗಿ. ಬಟ್ಟೆ ಎಲ್ಲಿ ಬೇಕಾದರೂ ಸಿಗುತ್ತಿತ್ತು.

ಎರಡು ವರ್ಷದ ಹಿಂದೆ, ಒಂದು ಸೋಮವಾರ, ಮುನಿಸಿಪಾಲಿಟಿಯಿಂದ ನೋಟೀಸು ಬಂತು: ಜಗಲಿ ರಸ್ತೆಗೆ ಚಾಚಿಕೊಂಡಿದೆ, ಶುಕ್ರವಾರ ಓವರ್‌ಸಿಯರ್ ಬಂದು ನೋಡುತ್ತಾರೆ.

"ಜಗಲಿ ಹೋದ್ರೆ ಸಾಬರು ಹೋಗ್ತಾರೆ. ಸಾಬರು ಹೋದ್ರೆ ನಾನು ನೊಣ ಹೊಡ್ಕೊಂಡು ಕೂರ್ಬೇಕು," ಎಂದರು ದೊಡ್ಡಪ್ಪ. ಸಾಬರು ಆ ದಿನ ಒಂದು ಜುಬ್ಬಕ್ಕೆ ಎರಡೂ ಬಲತೋಳೇ ಹೊಲಿದರು.

ಎಸ್ಸೆಸ್ಸೆಲ್ಸಿ ಪಾಸಾಗಿ, ಡೈರಿ ಬರೆಯುವುದನ್ನೇ ಉದ್ಯೋಗವೆಂದು ನಾನು ತಿಳಿದಿದ್ದ ಕಾಲ ಅದು. ಮಳೆ ಬಂದ ದಿನ, ಬಸ್ಸು ತಡವಾದ ದಿನ, ಅತ್ತೆ ಮುನಿಸಿಕೊಂಡ ದಿನ ಎಲ್ಲಕ್ಕೂ ತಾರೀಖು ಹಾಕಿ ತಿಂಗಳ ಕೊನೆಗೆ ಮೊತ್ತ ತೆಗೆಯುತ್ತಿದ್ದೆ. ಇಂಥವನು ಸುಮ್ಮನಿರುತ್ತಾನೆಯೇ? ಕಟ್ಟಡ ರಸ್ತೆಗಿಂತ ಹಳೆಯದೆಂದು ಸಾಧಿಸಿದರೆ, ಚಾಚಿಕೊಂಡಿರುವುದು ರಸ್ತೆಯೇ ಹೊರತು ಜಗಲಿಯಲ್ಲ ಎಂದೆ. ದೊಡ್ಡಪ್ಪ ಬಸ್ ಚಾರ್ಜು ಕೊಟ್ಟರು. ಕಲ್ಲು, ಮರ, ಇಟ್ಟಿಗೆ ಬಂದ ಊರುಗಳನ್ನು ಪೇಟೆಯ ಮುದುಕರಿಂದ ಕೇಳಿಕೊಂಡು ಹೊರಟೆ.

ಮಂಗಳವಾರ ಮುಳಬಾಗಿಲು. ಕಂಬ ಕಡಿದವನ ಮೊಮ್ಮಗ ಸಿಕ್ಕ. ಅವನಿಗೇ ಹಲ್ಲು ಉದುರಿತ್ತು. ತಾತ ಗಾಡಿಯಲ್ಲಿ ಕಂಬ ಸಾಗಿಸಿದಾಗ ಕೋಲಾರಕ್ಕೆ ನೆಟ್ಟಗಿನ ದಾರಿಯೇ ಇರಲಿಲ್ಲ ಎಂದ. ಬುಧವಾರ ಶ್ರೀನಿವಾಸಪುರ. ತೊಲೆಗಳಿಗೆ ಮರ ಕೊಟ್ಟ ತೋಪಿನ ಮನೆಯವರು, "ಮಾವಿನ ಮರ ಅಲ್ವಾ, ಅಗ್ಗಕ್ಕೆ ಸಿಕ್ತು ಅಂತ ಹಾಕ್ಸಿದ್ರು," ಎಂದು ನಕ್ಕರು. ಏಕೆ ನಕ್ಕರೆಂದು ನಾನು ಕೇಳಲಿಲ್ಲ. ಗುರುವಾರ ಮಾಲೂರಿಗೆ ಹೋದೆ. ಇಟ್ಟಿಗೆ ಗೂಡಿನವನು "ಇದು ನಮ್ಮದಲ್ಲ" ಎಂದ. ಅದನ್ನೂ ತಾರೀಖು ಹಾಕಿ ಬರೆದುಕೊಂಡೆ.

ಶುಕ್ರವಾರ ಓವರ್‌ಸಿಯರ್ ಬಂದರು. ಟೇಪು ಹಿಡಿದು ಅಳೆದರು, ದೊಡ್ಡಪ್ಪ ತರಿಸಿದ ಕಾಫಿ ಕುಡಿದರು. "ಹಳೇ ಅಂಗಡಿ, ಹೋಗ್ಲಿ ಬಿಡಿ. ಮುಂದಿನ ಮೆಟ್ಟಿಲು ಮಾತ್ರ ತೆಗೆಸ್ಬಿಡಿ. ಜಗಲಿ ಇರ್ಲಿ," ಎಂದು ಕೊಡೆ ಎತ್ತಿಕೊಂಡರು. ಸಾಬರು ಮಿಷನ್ ತುಳಿಯತೊಡಗಿದರು.

ಮೂರು ದಿನ ಓಡಾಡಿ ತಂದ ವಿದ್ಯೆ ನನ್ನ ಹೊಟ್ಟೆಯಲ್ಲೇ ಉಳಿಯಬೇಕೆ? "ಒಂದು ನಿಮಿಷ ಸಾರ್," ಎಂದೆ. ಮುಳಬಾಗಿಲಿನಲ್ಲಿ ಕೇಳಿಬಂದಿದ್ದ, ಬೆಲ್ಲದ ನೀರು, ಅಳಲೆಕಾಯಿ ಬೆರೆಸಿದ ಹಳೇ ಗಾರೆಯ ವಿಷಯ ಹೇಳಿದೆ, ಕಂಬದ ವಿಷಯ ಹೇಳಿದೆ, ಕೊನೆಗೆ ತೊಲೆಗೆ ಬಂದೆ.

"ಮಾವಿನ ಮರವಾ?" ಎಂದರು ಅವರು. "ಮಧ್ಯೆ ಯಾವಾಗ ಬದಲಾಯಿಸಿದ್ರಿ?"

"ಒಂದೂ ಬದಲಾಯಿಸಿಲ್ಲ ಸಾರ್," ಎಂದು ಹೆಮ್ಮೆಯಿಂದ ಹೇಳಿ, ಗಜಕೋಲಿನಿಂದ ತೊಲೆಗೆ ಎರಡು ಏಟು ಹಾಕಿದೆ. ಹುಳು ಕೊರೆದ ಪುಡಿ ಜರಡಿ ಹಿಡಿದಂತೆ ಅವರ ತಲೆಯ ರುಮಾಲಿನ ಮೇಲೆ ಇಳಿಯಿತು.

ಓವರ್‌ಸಿಯರ್ ರುಮಾಲು ತೆಗೆದು ಕೊಡವಿದರು. ಮತ್ತೆ ಕೂತು ಬರೆದರು: ಕಟ್ಟಡ ಅಪಾಯದ ಸ್ಥಿತಿಯಲ್ಲಿದೆ, ಕಟಾಂಜನ, ಜಗಲಿ, ಜಗಲಿಯ ಮೇಲಿನ ತಾರಸಿ ಎಲ್ಲವನ್ನೂ ಕೂಡಲೇ ಇಳಿಸತಕ್ಕದ್ದು, ಒಳಗಿನ ತೊಲೆ ಬದಲಾಯಿಸತಕ್ಕದ್ದು.

ಕೋಪ ಬಂದರೆ ದೊಡ್ಡಪ್ಪ ತೆಲುಗಿಗೆ ಇಳಿಯುತ್ತಿದ್ದರು. "ನೋರು ಮೂಸುಕೋರಾ," ಎಂದರು, ನಾನು ಆಗಲೇ ಬಾಯಿ ಮುಚ್ಚಿದ್ದರೂ. ಆಮೇಲೆ ಕನ್ನಡಕ್ಕೆ ಹತ್ತಿ, "ಮೆಟ್ಟಿಲಲ್ಲೇ ಮುಗೀತಿತ್ತು ಕಣೋ," ಎಂದರು. ಇದು ಬೈಗುಳಕ್ಕಿಂತ ಕಷ್ಟವಾಯಿತು.

ಸಾಬರು ಅರ್ಧ ಹೊಲಿದ ಅಂಗಿಯನ್ನು ಮಡಚುತ್ತಾ, ಬಸ್ ಸ್ಟ್ಯಾಂಡಿನ ಹತ್ತಿರ ಜಾಗ ನೋಡುತ್ತೇನೆ ಎಂದರು.

"ಎಲ್ಲಿಗೂ ಹೋಗ್ಬೇಡಿ ಸಾಬ್ರೇ," ಎಂದು ದೊಡ್ಡಪ್ಪ ಅಂಗಡಿಯ ಒಳಗೆಲ್ಲ ಕಣ್ಣಾಡಿಸಿದರು. ಹೊಲಿಯುವಷ್ಟು ಬೆಳಕಿದ್ದುದು ಕಿಟಕಿಯ ಪಕ್ಕದಲ್ಲಿ ಮಾತ್ರ. ಅಲ್ಲಿ ನಾನು ಡೈರಿ ಬರೆಯುವ ಮೇಜಿತ್ತು. ಸಂಜೆಯೊಳಗೆ ಮೇಜು ಹೋಗಿ ಮಿಷನ್ ಬಂತು. ಗಿರಾಕಿಗಳು ಮುಂಚಿನಂತೆಯೇ ಬರುತ್ತಿದ್ದಾರೆ. ನಾನು ಈಗ ಬಟ್ಟೆ ಬೇಲುಗಳ ಹಿಂದೆ, ತೊಡೆಯ ಮೇಲೆ ಡೈರಿ ಇಟ್ಟುಕೊಂಡು ಬರೆಯುತ್ತೇನೆ. ಅದೂ ನಡುನಡುವೆ ನಿಲ್ಲುತ್ತದೆ.

"ಸ್ವಾಮಿ, ಚರಿತ್ರೆ ಆಮೇಲೆ ಬರೀರಿ," ಎನ್ನುತ್ತಾರೆ ಸಾಬರು. "ಇಲ್ಲಿ ಸ್ವಲ್ಪ ದಾರ ಪೋಣಿಸಿ ಕೊಡಿ."