ಮೊದಲ ಬಸ್ಸಿನ ಬಾಟಲಿ

ಹೊಸನಗರದ ಸರಸ್ವತಮ್ಮ ತಮ್ಮ ಕೇರಿಯ ಹದಿನೇಳು ಹಸುಗೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದವರು. ಹದಿನೆಂಟನೆಯದು ಸ್ವಂತ ಮೊಮ್ಮಗಳು. ಅದು ಹುಟ್ಟಿ ಇಪ್ಪತ್ತು ದಿನವಾದರೂ ಮುಟ್ಟಿರಲಿಲ್ಲ.

ಕಾರಣ ಮೂತ್ರಪರೀಕ್ಷೆಯ ವರದಿ. ಮೂರು ತಿಂಗಳ ಹಿಂದೆ ಅವರಿಗೆ ಉರಿಮೂತ್ರವಾಗಿತ್ತು, ಮಾತ್ರೆಗೆ ಹೋಯಿತು. ಪೂರ್ತಿ ಹೋಯಿತೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಿದರು. ಹೊಸನಗರದಲ್ಲಿ ಮಾಡಿಸಿದರೆ ಕೇರಿಗೆಲ್ಲ ತಿಳಿಯುತ್ತದೆಂದು ಸಾಗರಕ್ಕೆ ಹೋದರು. ವರದಿಯಲ್ಲಿ ರೋಗಾಣು ರಾಶಿ. ಹಳೆಯ ಚೀಟಿ ತೋರಿಸಿ ಮತ್ತೆ ಮಾತ್ರೆ, ಮತ್ತೆ ಪರೀಕ್ಷೆ, ಮತ್ತೆ ರಾಶಿ. ಉರಿಯಿಲ್ಲ, ಜ್ವರವಿಲ್ಲ, ರೋಗಾಣು ಮಾತ್ರ ಪ್ರತಿ ಸಲ ಹಾಜರು.

ತಮ್ಮ ರೋಗಾಣು ಮಗುವಿಗೆ ಅಂಟೀತೆಂದು ಹೆದರಿದರು. ಹೀಗಾಗಿ ಮಗುವನ್ನು ಪಕ್ಕದ ಮನೆಯ ವಿನಯಾ ಮೀಯಿಸುತ್ತಿದ್ದಳು. ಸರಸ್ವತಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ಕುತ್ತಿಗೆ ಸರಿಯಾಗಿ ಹಿಡಿಯೇ, ಅದೆಂತ ಸೌತೆಕಾಯಾ?" ಎನ್ನುತ್ತಿದ್ದರು.

"ಅತ್ತೆ, ನೀವೇ ಬಂದು ಮೀಯ್ಸಿ, ಇಲ್ಲಾ ಬಾಯಿ ಮುಚ್ಕಂಡಿರಿ," ಎಂದಳು ವಿನಯಾ ಒಂದು ದಿನ.

ಸರಸ್ವತಮ್ಮ ಎರಡನೆಯದನ್ನು ಆರಿಸಿಕೊಂಡರು. ಅದು ಅವರ ಸ್ವಭಾವವಲ್ಲ. ಗಾಬರಿಯಾದ ಬಾಣಂತಿ ಮಗಳು ಮೇಧಾ ಅವರನ್ನು ಸಾಗರದ ಡಾಕ್ಟರ್ ವನಮಾಲಾ ಬಳಿಗೆ ಅಟ್ಟಿದಳು.

ಡಾಕ್ಟರು ವರದಿಗಳನ್ನು ನೋಡಿ, "ಬಾಟಲಿಗೆ ಎಲ್ಲಿ ಹಿಡಿದ್ರಿ?" ಎಂದರು.

"ಮನೇಲೇ. ಬೆಳಿಗ್ಗೆ ಐದಕ್ಕೆ. ಹೊರಗಿನ ಪಾಯಿಖಾನೆಗೆ ನಾ ಹೋಗೋಳಲ್ಲ."

"ಲ್ಯಾಬಿಗೆ ಕೊಟ್ಟಿದ್ದು?"

"ಅವ್ರು ಬಾಗ್ಲು ತೆಗೆಯೋದೇ ಒಂಬತ್ತೂವರೆಗೆ. ಮೊದಲ ಬಸ್ಸಿಗೆ ಬಂದು ಕಾಯ್ತಿದ್ದೆ. ಇವತ್ತೂ ತಂದಿದೀನಿ. ಮೂರು ಸಲ ತೊಳೆದ ಬಾಟ್ಲಿ!" ಎಂದು ಮಡಿಲಿನ ಚೀಲದಿಂದ ತೆಗೆದಿಟ್ಟರು. ಬಾಟಲಿ ಬೆಚ್ಚಗಿತ್ತು.

"ನಾಲ್ಕೂವರೆ ಗಂಟೇಲಿ ಹತ್ತು ಇದ್ದದ್ದು ಸಾವಿರಾರು ಆಗ್ತವೆ ಅಮ್ಮಾ. ಅವ್ರು ಎಣಿಸಿದ್ದು ಬಸ್ಸಲ್ಲಿ ಹುಟ್ಟಿದ್ದನ್ನ."

"ಹಂಗಾದ್ರೆ ನನ್ನೊಳಗೆ ಎಂತದೂ ಇಲ್ಲ?"

"ಇದಾವೆ. ಎಲ್ರ ಮೂತ್ರಕೋಶದಲ್ಲೂ ಒಂದಿಷ್ಟು ಇರ್ತವೆ, ನನ್ನಲ್ಲೂ. ಅವುಗಳಲ್ಲಿ ಒಳ್ಳೇವು ಜಾಗ ಹಿಡಿದು ಕೂತಿದ್ರೆ ಕೆಟ್ಟವಕ್ಕೆ ನೆಲೆ ಸಿಗೋದು ಕಷ್ಟ. ಸುಮ್ಸುಮ್ನೆ ಮಾತ್ರೆ ನುಂಗಿದ್ರೆ ಒಳ್ಳೇವೂ ಸಾಯ್ತವೆ. ಉರಿ, ಜ್ವರ ಬಂದ್ರೆ ಬನ್ನಿ. ಇಲ್ದಿದ್ರೆ ಪರೀಕ್ಷೆನೂ ಬೇಡ, ಮಾತ್ರೆನೂ ಬೇಡ."

"ಮಗೂನ ಮುಟ್ಬಹುದಾ?"

"ಕೈ ತೊಳ್ಕೊಂಡು."

ಇಷ್ಟು ವರ್ಷ ತನ್ನೊಳಗೆ ಯಾರೋ ಹೇಳದೆ ಕೇಳದೆ ವಾಸವಿದ್ದರೆಂಬುದು ಸರಸ್ವತಮ್ಮನಿಗೆ ಹಿತವಾಗಲಿಲ್ಲ. ಆದರೆ ಡಾಕ್ಟರೊಳಗೂ ಇದ್ದಾರಲ್ಲ ಎಂದು ಬಸ್ಸಿನಲ್ಲಿ ಸಮಾಧಾನ ತಂದುಕೊಂಡರು.

ಮರುದಿನ ಕೈಯನ್ನು ಮೂರು ಸಲ ತೊಳೆದು, ಬಚ್ಚಲಲ್ಲಿ ಕಾಲು ಚಾಚಿ ಕೂತರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ನೀರು ಹೊಯ್ಯದೆ ಸುಮ್ಮನೆ ನೋಡಿದರು. ಅಷ್ಟರಲ್ಲಿ ಮಗು ಉಚ್ಚೆ ಹೊಯ್ದು ಅವರ ಸೀರೆಯನ್ನು ತೋಯಿಸಿತು.

"ಅಯ್ಯೋ ಅಮ್ಮಾ, ಬಟ್ಟೆ ತರ್ಲಾ?" ಮೇಧಾ ಕೂಗಿದಳು.

"ಇರ್ಲಿ ಬಿಡೇ," ಎಂದರು ಸರಸ್ವತಮ್ಮ. "ಇದಿನ್ನೂ ಬಸ್ ಹತ್ತಿಲ್ಲ."