ಐಸ್‌ಕ್ರೀಂ ಗೋದಾಮಿನಲ್ಲಿ ಡ್ರೋನಿನ ರೆಕ್ಕೆ

ದಮಯಂತಿ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕಾರ್ಕಳದಿಂದ ಬಂದಿದ್ದ ಅಪ್ಪ ಹೋಟೆಲ್ ನಡೆಸುತ್ತಿದ್ದರು. ಮಗಳು ಇಂಜಿನಿಯರಿಂಗ್ ಓದಿ ನವಿ ಮುಂಬಯಿಯ ಸಣ್ಣದೊಂದು ಡ್ರೋನ್ ಕಂಪನಿ ಸೇರಿದಳು. ಹಿಮಾಲಯದ ಹಳ್ಳಿಗಳಿಗೆ ಔಷಧಿ ಒಯ್ಯಲು ಅವಳು ರೂಪಿಸಿದ ಪುಟ್ಟ ವಿಮಾನ ಮೊದಲ ಚಳಿಗಾಲದಲ್ಲೇ ಮೋಡದೊಳಗೆ ಹೊಕ್ಕು ಬಿದ್ದುಹೋಯಿತು. ರೆಕ್ಕೆಯ ಮುಂದಿನ ಅಂಚಿಗೆ ಮಂಜುಗಡ್ಡೆ ಕಟ್ಟಿ, ಗಾಳಿಯ ಹರಿವು ರೆಕ್ಕೆಯನ್ನು ಬಿಟ್ಟು, ಎತ್ತಿಹಿಡಿಯುವ ಬಲ ಇಲ್ಲವಾಗಿತ್ತು. ಅದರಲ್ಲಿದ್ದದ್ದು ಒಬ್ಬ ಬಾಣಂತಿಗೆ ಕಳಿಸಿದ್ದ ಇಂಜೆಕ್ಷನ್. ಅವಳು ಹೇಗೋ ಬದುಕಿಕೊಂಡಳು. ದಮಯಂತಿಗೆ ಮಾತ್ರ ಆ 'ಹೇಗೋ' ಒಪ್ಪಿಗೆಯಾಗಲಿಲ್ಲ.

ಕಂಪನಿಯ ಮುಖ್ಯಸ್ಥ ಸುಮುಖ, ಚಳಿಗಾಲದಲ್ಲಿ ಹಾರಾಟವೇ ಬೇಡ ಎಂದರು. ಹಿಮ ಬಿದ್ದು ರಸ್ತೆ ಮುಚ್ಚುವುದೇ ಆಗ ಎಂದು ಅವಳು ಪಟ್ಟು ಹಿಡಿದಳು.

ಪರೀಕ್ಷೆಗೆ ಚಳಿ ಬೇಕು. ಅಪ್ಪನ ಸ್ನೇಹಿತ ಗುಣಪಾಲರಿಗೆ ಭಿವಂಡಿಯಲ್ಲಿ ಐಸ್‌ಕ್ರೀಂ ಇಡುವ ಶೀತಲ ಗೋದಾಮಿತ್ತು.

"ಇಲ್ಲಿ ನಿಂತ್ರೆ ನೀನೇ ಗಡ್ಡೆ ಕಟ್ತಿ ಮಾರಾಯ್ತಿ," ಎನ್ನುತ್ತಲೇ ಅವರು ಖಾಲಿ ಕೋಣೆಯೊಂದನ್ನು ಬಿಟ್ಟುಕೊಟ್ಟರು.

ಹೊರಗೆ ಮೇ ತಿಂಗಳ ಸೆಕೆ. ಒಳಗೆ ಅವಳು ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡು ದೊಡ್ಡ ಫ್ಯಾನಿನ ಎದುರು ರೆಕ್ಕೆ ನಿಲ್ಲಿಸಿ ನೀರು ಸಿಂಪಡಿಸಿದಳು. ಇಡೀ ರೆಕ್ಕೆ ಬಿಸಿ ಮಾಡಿದರೆ ಬ್ಯಾಟರಿ ಬೇಗ ಮುಗಿಯುತ್ತಿತ್ತು. ಅಂಚನ್ನಷ್ಟೇ ಬಿಸಿ ಮಾಡಿದರೆ ಕರಗಿದ ನೀರು ಹಿಂದಕ್ಕೆ ಹರಿದು ಅಲ್ಲಿ ಹೆಪ್ಪುಗಟ್ಟುತ್ತಿತ್ತು. ಗಾಳಿಯ ಹರಿವು ತಿಳಿಯಲೆಂದು ರೆಕ್ಕೆಗೆ ಅಂಟಿಸಿದ್ದ ಉಣ್ಣೆಯ ಎಳೆಗಳು ಪ್ರತಿ ಸಲವೂ ಎದ್ದು ಪಟಪಟ ಬಡಿದುಕೊಳ್ಳುತ್ತಿದ್ದವು.

ಒಮ್ಮೆ ರೆಕ್ಕೆಗೆ ಶಾಖ ಕೊಡಲು ಸಾಲಾಗಿ ಅಂಟಿಸಿದ್ದ ಬಿಸಿಪಟ್ಟಿಗಳಲ್ಲಿ ಕೆಲವು ಕೆಟ್ಟುನಿಂತವು. ಕೆಟ್ಟ ಕಡೆ ಗಡ್ಡೆ, ನಡುನಡುವೆ ಬರಿಯ ರೆಕ್ಕೆ. ಆ ಬರಿಯ ಸಾಲುಗಳಲ್ಲಿ ಎಳೆಗಳು ಅಲುಗದೆ ಮಲಗಿದ್ದವು; ಅಲ್ಲಿ ಗಾಳಿ ರೆಕ್ಕೆಗೆ ಅಂಟಿಕೊಂಡೇ ಹರಿಯುತ್ತಿತ್ತು. ಅವಳು ಚಳಿ ಮರೆತು ನೋಡುತ್ತಲೇ ನಿಂತಳು. ಮಂಜನ್ನು ಪೂರ್ತಿ ತಡೆಯಬೇಕೆಂದೇನಿಲ್ಲ. ಅದು ಎಲ್ಲಿ ಕಟ್ಟಬೇಕೆಂದು ತಾನೇ ನಿರ್ಧರಿಸಿದರೆ ಸಾಕು.

ಮಳೆಗಾಲವಿಡೀ ಪಟ್ಟಿಗಳ ಅಗಲ, ಅಂತರ ಬದಲಿಸುತ್ತ ಹೋದಳು. ಕೆಮ್ಮು ಹಿಡಿಯಿತು, ಅಮ್ಮ ಬೈದರು, ಬಿಡಲಿಲ್ಲ.

"ಐಸ್ ಇಟ್ಕೊಂಡೇ ಹಾರಿಸ್ಬೇಕು ಅಂತೀರಾ, ಮೇಡಂ?" ಎಂದು ಸುಮುಖ ಕೇಳಿದರು.

"ಐಸ್ ಇರ್ಲಿ ಸರ್. ಗಾಳಿಗೆ ಹೋಗ್ಲಿಕ್ಕೆ ದಾರಿ ಉಂಟಲ್ಲ, ಅದು ಸಾಕು."

ಜನವರಿಯಲ್ಲಿ ಅವಳೇ ಬೆಟ್ಟಕ್ಕೆ ಹೋದಳು. ಔಷಧಿ ಹೊತ್ತ ವಿಮಾನ ಮೋಡ ದಾಟಿ ಹಳ್ಳಿ ಮುಟ್ಟಿ ಮರಳಿತು. ರೆಕ್ಕೆಯ ಮೇಲೆ ಬಾಚಣಿಗೆ ಹಲ್ಲಿನಂತೆ ಮಂಜುಗಡ್ಡೆ ಸಾಲುಗಟ್ಟಿತ್ತು. ಅವಳು ಕೈಗವಸು ತೆಗೆದು ಅದನ್ನು ಮುಟ್ಟಿ ನೋಡಿದಳು.

ಈಗ ಆ ವಿಮಾನಗಳು ಚಳಿಗಾಲದಲ್ಲೂ ಹಾರುತ್ತವೆ. ಪ್ರೊಪೆಲ್ಲರಿಗೆ ಗಡ್ಡೆ ಕಟ್ಟುವುದು ಇನ್ನೂ ನಿಂತಿಲ್ಲ. ದಮಯಂತಿ ಸದ್ಯ ಅದರ ಹಿಂದೆ ಬಿದ್ದಿದ್ದಾಳೆ.