ತುಂಬಿ ಬರುವ ಬಾಟಲಿಗಳು

ಪೇರಲಹಣ್ಣಿನ ಜಾಮ್ ಕುದಿಯುವ ಮಧ್ಯಾಹ್ನಗಳಲ್ಲಿ ನಮ್ಮ ಸೊಲ್ಲಾಪುರದ ಮನೆ ಅರ್ಧ ನಿದ್ದೆಯಲ್ಲಿರುತ್ತದೆ. ಕೆಳಗೆ ಬಟ್ಟೆ ಅಂಗಡಿಯಲ್ಲಿ ನನ್ನ ಯಜಮಾನರು ಗಾದಿಗೆ ಒರಗಿ ತೂಕಡಿಸುತ್ತಾರೆ. ಮೇಲೆ ಅಡುಗೆಮನೆಯಲ್ಲಿ ನಾನು ಬೇಯಿಸಿದ ಹಣ್ಣನ್ನು ತೆಳು ಬಟ್ಟೆಯಲ್ಲಿ ಉಜ್ಜಿ, ಬೀಜ ತೆಗೆದು, ಸಕ್ಕರೆ ಸುರಿದು, ಸೌಟು ತಿರುಗಿಸುತ್ತ ನಿಲ್ಲುತ್ತೇನೆ. ಬಿಳಿಯ ತಿರುಳು ನೋಡನೋಡುತ್ತ ಕೆಂಪಗಾಗುತ್ತದೆ. ಅದರ ವಾಸನೆ ಮೆಟ್ಟಿಲಿಳಿದು ಚಾದರದ ಗಂಟುಗಳವರೆಗೆ ಹೋಗುತ್ತದೆ. ಆಗ ಯಾರು ಕರೆದರೂ ನನಗೆ ಕೇಳಿಸುವುದಿಲ್ಲ. ನಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತಿರುತ್ತದೆ.

ಎಚ್ಚರವಾಗುವುದು ಬಾಟಲಿ ಹುಡುಕುವಾಗ. ಗಾಜಿನ ಬಾಟಲಿ ತುಟ್ಟಿ. ಅದಕ್ಕೇ ನನ್ನ ಜಾಮ್ ಕೊಳ್ಳುವ ಗಿರಾಕಿಗಳಿಗೆ ಮೊದಲೇ ಹೇಳಿದ್ದೆ, ತೀರಿದ ಮೇಲೆ ಬಾಟಲಿ ತೊಳೆದು ವಾಪಸು ಕೊಡಿ ಅಂತ. ನಮ್ಮ ಜನಕ್ಕೆ ಹೇಳಬಾರದ ಮಾತು ಅದು. ಬೇರೆ ಮನೆಯ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ಇಲ್ಲಿಲ್ಲ. ಬಾಟಲಿಗಳೇನೋ ಬಂದವು, ಎಲ್ಲವೂ ತುಂಬಿಕೊಂಡೇ ಬಂದವು. ಒಂದರಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ತುಪ್ಪ, ಮತ್ತೊಂದರಲ್ಲಿ ಹನ್ನೂರಿನ ಹೊಲದ ಎಳೆಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ. ಚಟ್ನಿ ತುಂಬಿದ್ದ ಬಾಟಲಿಯನ್ನು ಬಿಸಿಲಿಗಿಟ್ಟರೂ ಬೆಳ್ಳುಳ್ಳಿ ವಾಸನೆ ಹೋಗದು; ಅದರಲ್ಲಿ ಜಾಮ್ ಹಾಕಿದರೆ ನನ್ನ ವ್ಯಾಪಾರ ಅಲ್ಲಿಗೆ ಮುಗಿಯಿತು. ತಲೆ ಚಚ್ಚಿಕೊಂಡು, ಖಾಲಿ ಕೊಡಿ ಎಂದು ಮರಾಠಿಯಲ್ಲಿ ಚೀಟಿ ಬರೆದು ಬಾಟಲಿಗಳಿಗೆ ಅಂಟಿಸಿದೆ. ಎದುರುಮನೆಯಾಕೆ ಅದನ್ನು ಓದಿ, ಬಾಟಲಿ ತುಂಬ ಗುರೆಳ್ಳು ಚಟ್ನಿ ತುಂಬಿಕೊಂಡು ಬಂದಳು.

“ಖಾಲಿ ಬಾಟ್ಲಿ ಹಿಡಕೊಂಡ ಬರಾಕ ನಾಚಿಕಿ ಬರ್ತದರಿ ವೈನಿ,” ಅಂದಳು.

ಎಲ್ಲರಿಗಿಂತ ಹಟಮಾರಿ ಅಕ್ಕಲಕೋಟೆಯ ಕಾಕು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರು. ಮಗ ಅಕ್ಕಲಕೋಟೆಯಲ್ಲಿ ಕಿರಾಣಿ ಅಂಗಡಿ ಹಾಕಿದಾಗ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಅವರ ಯಜಮಾನರು, ನಮ್ಮೆಲ್ಲರ ಕಾಕಾ, ಕಾಯಿಲೆ ಬಿದ್ದ ಮೇಲೆ ಊಟವನ್ನೇ ಬಿಟ್ಟರು. ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ನನ್ನ ಜಾಮ್ ಕಲಸಿದರೆ ಮಾತ್ರ ನಾಲ್ಕು ತುತ್ತು ಇಳಿಯುತ್ತಿತ್ತು.

“ನಿನ್ನ ಜಾಮಿನ ಮ್ಯಾಲೆ ಜೀವ ಹಿಡದಾರವಾ, ನಿಲ್ಲಸಬ್ಯಾಡ,” ಅಂತ ಕಾಕು ಫೋನಿನಲ್ಲಿ ಹೇಳಿದ್ದರು.

ಆ ಮಾತು ಕೇಳಿದಾಗಿನಿಂದ ಸೌಟು ಹಿಡಿದರೆ ನನಗೆ ಭಯ. ಪಾಕ ಗಟ್ಟಿಯಾದರೆ ಕಾಕಾ ನುಂಗಲಾರರು, ಒಂದು ಬೀಜ ಉಳಿದರೂ ಗಂಟಲಿಗೆ ಸಿಕ್ಕೀತು. ಅವರ ಪಾಲನ್ನು ಎರಡೆರಡು ಸಲ ಸೋಸುತ್ತಿದ್ದೆ. ನಮ್ಮ ಓಣಿಯ ಕಂಡಕ್ಟರ್ ಬೆಳಿಗ್ಗೆ ಅಕ್ಕಲಕೋಟೆ ಬಸ್ಸಿನಲ್ಲಿ ಬಾಟಲಿ ಒಯ್ದು, ಸಂಜೆ ಹಳೆಯದನ್ನು ತಂದು ಕೊಡುತ್ತಿದ್ದ. ಅದರಲ್ಲಿ ಅಂಟಿನುಂಡಿ ಇರುತ್ತಿತ್ತು, ಅವಲಕ್ಕಿ ಇರುತ್ತಿತ್ತು, ಒಮ್ಮೆ ಮಲ್ಲಿಗೆ ಮೊಗ್ಗು ಕೂಡ. ಫೋನ್ ಹಚ್ಚಿ ಬೈದರೆ ಕಾಕು ನಗುತ್ತಿದ್ದರು.

ಒಂದು ಸಂಜೆ ಕಂಡಕ್ಟರ್ ಬಾಟಲಿ ಕೊಟ್ಟು ಹೋದ. ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಲಕಲಕ ಹೊಳೆಯುವಂತೆ ತೊಳೆದಿತ್ತು.

ಸೂತಕದ ಮನೆಯಿಂದ ತಿನ್ನುವ ಪದಾರ್ಥ ಹೊರಗೆ ಕಳಿಸುವುದಿಲ್ಲ. ಕಾಕಾ ಹೋದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ಮೇಲೆಯೇ ಕುಳಿತು ಅತ್ತುಬಿಟ್ಟೆ. ಒಲೆಯ ಮೇಲೆ ಜಾಮ್ ಕುದಿಯುತ್ತಲೇ ಇತ್ತು. ಆ ಸಿಹಿ ವಾಸನೆ ತಡೆಯಲಾಗಲಿಲ್ಲ, ಎದ್ದು ಒಲೆ ಆರಿಸಿದೆ.

ಮರುದಿನ ರೊಟ್ಟಿ, ಬೇಳೆ ಕಟ್ಟಿಕೊಂಡು ಅಕ್ಕಲಕೋಟೆಗೆ ಹೋದೆ. ಬಸ್ಸಿನ ಕಿಟಕಿಯಾಚೆ ಜೋಳದ ಹೊಲಗಳು ಕನಸಿನಲ್ಲಿ ಬಂದಂತೆ ಬಂದು ಹೋದವು. ಯಾವ ಊರು ದಾಟಿತು, ಎಷ್ಟು ಹೊತ್ತಾಯಿತು, ಒಂದೂ ನೆನಪಿಲ್ಲ. ಕಾಕು ಗೋಡೆಗೆ ಆನಿಕೊಂಡು ಕುಳಿತಿದ್ದರು, ಹಣೆಯಲ್ಲಿ ಕುಂಕುಮವಿಲ್ಲ. ನನ್ನನ್ನು ನೋಡಿ ಮೊದಲು ಕೇಳಿದ್ದೇ ಬಾಟಲಿಯ ಸುದ್ದಿ.

“ಮುಟ್ಟಿತೇನವಾ? ನಿನಗ ಬಾಟ್ಲಿ ಕಮ್ಮಿ ಬೀಳ್ತಾವಂತ ಕಳಸಿದೆ.”

“ಅದಕ್ಯಾಕ ಇಷ್ಟ ಅವಸರ ಮಾಡಿದ್ರಿ ಕಾಕು?” ಅಂದೆ.

ಅವರು ನನ್ನ ಕೈ ಹಿಡಿದು, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿದರು.

“ತಳದಾಗ ಒಂದ ಚಮಚಾ ಉಳದಿತ್ತು. ಅವರು ಹೋದ ದಿನ ಮುಂಜಾನಿ ತಿಂದು ಉಳಸಿದ್ದು. ಸೂತಕದಾಗ ಸಿಹಿ ತಿನ್ನಬಾರದಂತಾರ. ಆದ್ರ ಅವರ ಎಂಜಲಾ ನಾ ಹ್ಯಾಂಗ ಮೋರಿಗೆ ಚೆಲ್ಲಲಿ? ಬೆರಳ ಹಾಕಿ ಬಳದ ತಿಂದೆ. ಆಮ್ಯಾಲೆ ತೊಳದೆ.”